ಮುಷ್ಕರದ ಸುದ್ದಿ ಬಂದಾಗ: ಆರ್ಡರ್ ಕೊಟ್ಟ ಗಾಡಿಗೆ ಕಾಯುವುದೋ, ಡೀಲರ್ ಅಂಗಳದಲ್ಲಿ, ಅಂದರೆ ಲಾಟ್‌ನಲ್ಲಿ, ನಿಂತದ್ದು ಕೊಳ್ಳುವುದೋ, ಬೇರೆ ನೋಡುವುದೋ?

ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. "ಮುಂಗಡ ಕಟ್ಟಿಯಾಗಿದೆ, ಸ್ಟ್ರೈಕ್ ಆಗುತ್ತೆ ಅಂತಿದ್ದಾರೆ, ಕಾಯ್ಲಾ?" "ಡೀಲರ್ ಹತ್ರ ಬೇರೆ ಬಣ್ಣದ್ದು ನಿಂತಿದೆ, ತಗೊಂಡ್ಬಿಡ್ಲಾ?" "ಲೀಸ್ ಮುಗೀತಾ ಬಂತು, ಹೊಸದು ಬರ್ಲಿಲ್ಲ ಅಂದ್ರೆ ಏನ್ ಗತಿ?" ಅಮೆರಿಕದಲ್ಲಿ ಫೋರ್ಡ್, ಜಿಎಂ, ಸ್ಟೆಲ್ಲಾಂಟಿಸ್ ಈ ಮೂರೂ ಕಂಪನಿಗಳ ಜೊತೆ ಯುಎಡಬ್ಲ್ಯು ಕಾರ್ಮಿಕ ಸಂಘ ಮಾಡಿಕೊಂಡಿರುವ ಒಪ್ಪಂದ 2028ರ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಹಾಗಂತ ಅಲ್ಲಿಯವರೆಗೆ ನಿಶ್ಚಿಂತೆಯಿಂದಿರಬಹುದು ಅಂದುಕೊಳ್ಳಬೇಡಿ. ಒಂದೊಂದು ಕಾರ್ಖಾನೆಯ ಸ್ಥಳೀಯ ತಕರಾರು ಬೇರೆಯೇ ಇರುತ್ತದೆ. ದೊಡ್ಡ ಒಪ್ಪಂದ ಆಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ, 2024ರ ಫೆಬ್ರವರಿಯಲ್ಲಿ ಫೋರ್ಡ್‌ನ ಕೆಂಟಕಿ ಟ್ರಕ್ ಕಾರ್ಖಾನೆಯವರು ಮುಷ್ಕರಕ್ಕೆ ದಿನ ಗೊತ್ತು ಮಾಡಿದ್ದರು. ಕೊನೇ ಗಳಿಗೆಯಲ್ಲಿ ರಾಜಿಯಾಯಿತು.

ನಾನೂ ಇದರಲ್ಲಿ ಕೈ ಸುಟ್ಟುಕೊಂಡವನೇ. 2023ರಲ್ಲಿ ಮೂರು ಸಾಲು ಸೀಟಿನ ಗಾಡಿಯೊಂದಕ್ಕೆ ಆರ್ಡರ್ ಕೊಟ್ಟಿದ್ದೆ. ಅಪ್ಪ ಅಮ್ಮ ದಸರಾ ಮುಗಿಸಿಕೊಂಡು ಊರಿಂದ ಬರುವವರಿದ್ದರು. ನಾವು ನಾಲ್ವರು, ಅವರಿಬ್ಬರು. ಡೀಲರ್‌ಗೆ ವಾರಕ್ಕೊಮ್ಮೆ ಫೋನ್ ಮಾಡಿ "ಸ್ಟ್ರೈಕ್ ಆಗುತ್ತಾ?" ಅಂತ ಕೇಳುತ್ತಿದ್ದೆ. ಆತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ "ಇನ್ನೆರಡು ವಾರ ನೋಡೋಣ" ಅನ್ನುತ್ತಿದ್ದ. ಅವನಿಗಾದರೂ ಏನು ಗೊತ್ತು? ನಾನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ ಇತ್ತು.

ಮೊದಲು ಅಳತೆಗೋಲು

ಮುಷ್ಕರ ಆಗುತ್ತದೋ ಇಲ್ಲವೋ ಅನ್ನುವುದು ನಿಮ್ಮ ಕೈಯಲ್ಲೂ ಇಲ್ಲ, ಡೀಲರ್ ಕೈಯಲ್ಲೂ ಇಲ್ಲ. ಗೊತ್ತು ಮಾಡಿಕೊಳ್ಳಲು ಆಗುವಂಥವು ಬೇರೆ ಇವೆ.

ಎಲ್ಲಕ್ಕಿಂತ ಮೊದಲನೆಯದು, ನಿಮ್ಮ ಆರ್ಡರ್ ಈಗ ಯಾವ ಹಂತದಲ್ಲಿದೆ. ಡೀಲರ್ ಕಂಪ್ಯೂಟರಿನಲ್ಲಿ ಟೈಪಾಗಿ ಕೂತಿದೆಯೋ, ಕಂಪನಿ ಒಪ್ಪಿಕೊಂಡಿದೆಯೋ, ಇಂಥ ವಾರ ತಯಾರಾಗುತ್ತದೆ ಅಂತ ನಿಗದಿಯಾಗಿದೆಯೋ, ವಿನ್ ನಂಬರ್ (ಒಂದೊಂದು ಗಾಡಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ) ಬಿದ್ದಿದೆಯೋ, ಗಾಡಿ ಜೋಡಣೆಯ ಲೈನಿನಿಂದ ಇಳಿದು ರೈಲು ಹತ್ತಿದೆಯೋ? ಆ ಹದಿನೇಳು ಅಕ್ಷರ-ಅಂಕಿಗಳ ವಿನ್ ಸಿಕ್ಕಿತು ಅಂದರೆ ನಿಮ್ಮ ಗಾಡಿಗೆ ಹೆಸರಿಟ್ಟ ಹಾಗೆ, ತೊಟ್ಟಿಲಿಗೆ ಬಂದಂತಲ್ಲ. ಲೈನಿನಿಂದ ಇಳಿದಿದ್ದರೆ ಮಾತ್ರ ಅರ್ಧ ಚಿಂತೆ ಬಿಡಬಹುದು. ನನ್ನ ಆರ್ಡರ್ ಮೊದಲ ಹಂತದಲ್ಲೇ ಕೂತಿತ್ತು ಅನ್ನುವುದು ಮುಷ್ಕರ ಶುರುವಾಗಿ ಮೂರು ವಾರದ ಮೇಲೆ ಗೊತ್ತಾಯಿತು. ಕೇಳಿದ್ದರೆ ಆಗಸ್ಟಿನಲ್ಲೇ ಹೇಳುತ್ತಿದ್ದರು.

ಎರಡನೆಯದು, ಗಾಡಿ ಯಾವ ಕಾರ್ಖಾನೆಯದು. ಬ್ರ್ಯಾಂಡ್ ನೋಡಿದರೆ ಇದು ತಿಳಿಯುವುದಿಲ್ಲ. ವಿನ್‌ನ ಮೊದಲ ಅಂಕಿ 1, 4 ಅಥವಾ 5 ಇದ್ದರೆ ಅಮೆರಿಕದಲ್ಲಿ ತಯಾರಾದದ್ದು, 2 ಕೆನಡಾ, 3 ಮೆಕ್ಸಿಕೋ. 'ಜೆ' ಇದ್ದರೆ ಜಪಾನ್, 'ಕೆ' ಇದ್ದರೆ ಕೊರಿಯಾ. ಹನ್ನೊಂದನೆಯ ಜಾಗದಲ್ಲಿರುವ ಅಕ್ಷರ ಕಾರ್ಖಾನೆಯನ್ನೇ ಹೇಳುತ್ತದೆ. ಫೋರ್ಡ್ ಬ್ರಾಂಕೋದಲ್ಲಿ ಅದು 'ಎಲ್', ಅಂದರೆ ಮಿಷಿಗನ್ನಿನ ವೇಯ್ನ್. ಜೀಪ್ ರ‍್ಯಾಂಗ್ಲರ್‌ನಲ್ಲಿ 'ಡಬ್ಲ್ಯು', ಒಹಾಯೋದ ಟೊಲೀಡೋ. ಶೆವ್ರಲೆ ಟಾಹೋದಲ್ಲಿ 'ಆರ್', ಟೆಕ್ಸಸ್‌ನ ಆರ್ಲಿಂಗ್ಟನ್. ವಿನ್ ಇನ್ನೂ ಬಂದಿಲ್ಲವಾದರೆ ಲಾಟ್‌ನಲ್ಲಿ ನಿಂತಿರುವ ಅದೇ ಮಾಡೆಲ್‌ನ ಕಿಟಕಿಗೆ ಅಂಟಿಸಿದ ಬೆಲೆಪಟ್ಟಿ ನೋಡಿ. ಕೊನೆಯ ಜೋಡಣೆ ಎಲ್ಲಿ ಆಯಿತು ಅಂತ ಅದರಲ್ಲಿ ಬರೆದಿರುತ್ತದೆ.

ಮೂರನೆಯದು ನಿಮ್ಮ ಹಳೇ ಗಾಡಿ ಇನ್ನೆಷ್ಟು ದಿನ ತಡೆಯುತ್ತದೆ ಅನ್ನುವುದು. ನಾಲ್ಕನೆಯದು ದುಡ್ಡು: ಬಡ್ಡಿ ದರ ಎಷ್ಟು ದಿನಕ್ಕೆ ಖಾತ್ರಿ, ಹಳೇದಕ್ಕೆ ಹೇಳಿದ ಬೆಲೆ ಎಷ್ಟು ದಿನ ನಿಲ್ಲುತ್ತದೆ, ಮುಂಗಡ ವಾಪಸ್ ಬರುತ್ತದೋ. ಐದನೆಯದನ್ನು ಯಾರೂ ಕೇಳುವುದಿಲ್ಲ, ಬಿಡಿಭಾಗದ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಿಂದೆ ಆದದ್ದು

2019ರ ಮುಷ್ಕರ ಜಿಎಂ ಒಂದರ ಮೇಲೆ. ಸೆಪ್ಟೆಂಬರ್ 16ರಿಂದ ಅಕ್ಟೋಬರ್ 25ರವರೆಗೆ, 40 ದಿನ, ಸುಮಾರು 48,000 ಜನ ಹೊರಗೆ. 2023ರದ್ದು ಬೇರೆ ಥರ. ಮೂರೂ ಕಂಪನಿಗಳ ಮೇಲೆ ಒಟ್ಟಿಗೇ, ಆದರೆ ಆಯ್ದ ಕಾರ್ಖಾನೆಗಳಲ್ಲಿ ಮಾತ್ರ. ಸೆಪ್ಟೆಂಬರ್ 15ರಂದು ಸುಮಾರು 13,000 ಜನ ಮೂರು ಕಡೆ ಕೆಲಸ ನಿಲ್ಲಿಸಿದರು: ಮಿಸೌರಿಯ ವೆಂಟ್ಸ್‌ವಿಲ್, ಮಿಷಿಗನ್ನಿನ ವೇಯ್ನ್, ಒಹಾಯೋದ ಟೊಲೀಡೋ. ಆಮೇಲೆ ಶಿಕಾಗೋ, ಲ್ಯಾನ್ಸಿಂಗ್ ಸೇರಿದವು. ಅಕ್ಟೋಬರ್ 11ಕ್ಕೆ ಕೆಂಟಕಿ ಟ್ರಕ್, 23ಕ್ಕೆ ರ‍್ಯಾಮ್ 1500 ತಯಾರಾಗುವ ಸ್ಟರ್ಲಿಂಗ್ ಹೈಟ್ಸ್, 24ಕ್ಕೆ ಆರ್ಲಿಂಗ್ಟನ್. ಸಂಘದ ಅಧ್ಯಕ್ಷ ಶಾನ್ ಫೇನ್ ಶುಕ್ರವಾರ ಲೈವ್ ಬಂದರೆ ಸಾಕು, ಮುಂದಿನ ಸರದಿ ಯಾರದೋ ಅಂತ ಆರ್ಡರ್ ಕೊಟ್ಟವರ ಎದೆ ಹೊಡೆದುಕೊಳ್ಳುತ್ತಿತ್ತು.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಮುಷ್ಕರ ನಡೆಯದ ಕಾರ್ಖಾನೆಯೂ ನಿಲ್ಲಬಹುದು. ವೇಯ್ನ್‌ನಲ್ಲಿ ಹೊರನಡೆದದ್ದು ಕೊನೆಯ ಜೋಡಣೆ ಮತ್ತು ಬಣ್ಣದ ವಿಭಾಗದವರು ಮಾತ್ರ. ಆದರೆ ಒತ್ತಿ ತೆಗೆದ ತಗಡಿಗೆ ತುಕ್ಕು ಹಿಡಿಯದ ಲೇಪ ಕೊಡುವುದು ಆ ಬಣ್ಣದ ವಿಭಾಗವೇ. ಹಾಗಾಗಿ ಉಳಿದ ವಿಭಾಗಗಳ ಸುಮಾರು 600 ಜನರನ್ನೂ ಕಂಪನಿ ಮನೆಗೆ ಕಳಿಸಿತು. ವೆಂಟ್ಸ್‌ವಿಲ್‌ನಿಂದ ತಗಡಿನ ಭಾಗ ಬರದೆ ಕ್ಯಾನ್ಸಸ್‌ನ ಫೇರ್‌ಫ್ಯಾಕ್ಸ್ ಕಾರ್ಖಾನೆ ನಿಂತಿತು, ಅಲ್ಲಿ ತಯಾರಾಗುತ್ತಿದ್ದ ಮ್ಯಾಲಿಬು ಕಾರಿಗೆ ಕಾಯುತ್ತಿದ್ದವರಿಗೆ ತಮ್ಮದಲ್ಲದ ಜಗಳದಲ್ಲಿ ಪೆಟ್ಟು. 2019ರಲ್ಲಿ ಬಿಡಿಭಾಗ ಸಿಗದೆ ಮೆಕ್ಸಿಕೋದ ಸಿಲಾವೋ ಕಾರ್ಖಾನೆಯೇ ನಿಂತಿತ್ತು. ಅದಕ್ಕೇ "ನಮ್ದು ಮೆಕ್ಸಿಕೋದಲ್ಲಿ ತಯಾರಾಗೋದು, ನಮಗೇನಾಗಲ್ಲ" ಅನ್ನುವವರ ಮಾತನ್ನು ಅರ್ಧ ಮಾತ್ರ ನಂಬಿ.

ಇನ್ನೊಂದು, "ಒಪ್ಪಂದ ಆಯ್ತು" ಅಂತ ಸುದ್ದಿ ಬಂದ ದಿನವೇ ಲೈನ್ ಓಡುವುದಿಲ್ಲ. 2019ರಲ್ಲಿ ಕರಡು ಒಪ್ಪಂದ ಆದದ್ದು ಅಕ್ಟೋಬರ್ 16ಕ್ಕೆ. ಸದಸ್ಯರು ಮತ ಹಾಕಿ ಒಪ್ಪುವವರೆಗೆ, ಅಂದರೆ ಇನ್ನೂ ಒಂಬತ್ತು ದಿನ, ಮುಷ್ಕರ ಮುಂದುವರಿಯಿತು. 2023ರಲ್ಲಿ ಹಾಗಲ್ಲ. ಫೋರ್ಡ್ ಜೊತೆ ಅಕ್ಟೋಬರ್ 25, ಸ್ಟೆಲ್ಲಾಂಟಿಸ್ ಜೊತೆ 28, ಜಿಎಂ ಜೊತೆ 30ಕ್ಕೆ ಕರಡಾಯಿತು. ಮತದಾನಕ್ಕೆ ಕಾಯದೆ ಕೆಲಸಗಾರರು ಒಳಗೆ ಹೋದರು. ಆದರೂ ಲೈನ್ ಶುರುವಾದ ಮೇಲೆ ಬಾಕಿ ಆರ್ಡರುಗಳ ಸಾಲು, ರೈಲು ಬೋಗಿಗಳ ಸಾಲು, ಟ್ರಕ್‌ಗಳ ಸಾಲು ಇದ್ದೇ ಇರುತ್ತದೆ. ಮುಷ್ಕರ ಆರು ವಾರ ನಡೆದರೆ ನಿಮ್ಮ ಕಾಯುವಿಕೆಯೂ ಆರೇ ವಾರ ಅಂತ ಲೆಕ್ಕ ಹಾಕಬೇಡಿ.

ಕೆಲಸಗಾರರ ಮೇಲೆ ಸಿಟ್ಟು ಮಾಡಿಕೊಳ್ಳುವವರಿಗೆ ಒಂದು ಮಾತು. 2023ರ ಮುಷ್ಕರದಲ್ಲಿ ಅವರಿಗೆ ಸಂಘದಿಂದ ಸಿಗುತ್ತಿದ್ದದ್ದು ವಾರಕ್ಕೆ 500 ಡಾಲರ್. ನಾವು ಗಾಡಿಗೆ ಕಾಯುತ್ತಿದ್ದೆವು, ಅವರು ಸಂಬಳಕ್ಕೆ.

ಕಾಯುವುದು

ಗಾಡಿ ಲೈನಿನಿಂದ ಇಳಿದಿದ್ದರೆ ಕಾಯಿರಿ, ಇದರಲ್ಲಿ ಯೋಚಿಸುವಂಥದ್ದೇನಿಲ್ಲ. ಇನ್ನೂ ತಯಾರಾಗಿಲ್ಲ, ಆದರೆ ವಾರ ನಿಗದಿಯಾಗಿದೆ, ಆ ವಾರ ಒಪ್ಪಂದದ ಗಡುವಿಗಿಂತ ಮುಂಚೆ ಬರುತ್ತದೆ ಅಂದರೂ ಕಾಯುವುದೇ ಸರಿ. ಗಡುವಿನ ನಂತರದ ವಾರವಾದರೆ ಹಳೇ ಗಾಡಿ ನೋಡಿಕೊಂಡು ತೀರ್ಮಾನಿಸಿ.

ಕಾಯುವವರಿಗೆ ಸಿಗುವ ಲಾಭ ದೊಡ್ಡದು: ಬೇಕಾದ ಬಣ್ಣ, ಬೇಕಾದ ಎಂಜಿನ್, ಬೇಡದ ಪ್ಯಾಕೇಜಿಗೆ ದುಡ್ಡು ಸುರಿಯುವ ಕಾಟ ಇಲ್ಲ. ತೆರಬೇಕಾದ ಬೆಲೆ ಮಾತ್ರ ಒಳಗೊಳಗೇ ಇರುತ್ತದೆ. ಮುಷ್ಕರ ಉದ್ದವಾಗಿ ಮಾಡೆಲ್ ವರ್ಷ ಬದಲಾದರೆ ನಿಮ್ಮ ಆರ್ಡರನ್ನು ಮುಂದಿನ ವರ್ಷದ್ದಕ್ಕೆ ತಿರುಗಿಸಬೇಕಾಗಬಹುದು. ಆಗ ಹಳೇ ಬೆಲೆಯೇ ನಿಲ್ಲುತ್ತದೋ? ಬಾಯಿಮಾತು ಬೇಡ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ. ಗಾಡಿ ಬಂದಾಗ ಬಿಲ್ಲಿನಲ್ಲಿ ಹೊಸ ಬೆಲೆ ಕೂತಿತ್ತು, ಅರ್ಧ ದಿನ ಚೌಕಾಸಿ ಮಾಡಿ ಒಂದಿಷ್ಟು ಇಳಿಸಿಕೊಂಡೆ, ಪೂರ್ತಿ ಇಳಿಯಲಿಲ್ಲ.

ಬಡ್ಡಿಯದ್ದೂ ಅದೇ ಕಥೆ. ಈಗ 5 ಶೇಕಡಾ ಕೊಡುಗೆ ಇದೆ, ಗಾಡಿ ಬರುವ ಹೊತ್ತಿಗೆ ಅದು 7 ಆಯಿತು ಅಂತ ಹಿಡಿಯಿರಿ. 40,000 ಡಾಲರ್ ಸಾಲ, 60 ಕಂತು ಅಂದರೆ ತಿಂಗಳ ಕಂತು 755ರಿಂದ 792ಕ್ಕೆ ಏರುತ್ತದೆ. ತಿಂಗಳಿಗೆ 37 ಡಾಲರ್ ಅಂದಾಗ ಏನೂ ಅನ್ನಿಸುವುದಿಲ್ಲ, ಐದು ವರ್ಷಕ್ಕೆ 2,200 ಡಾಲರ್ ದಾಟುತ್ತದೆ. ಹಳೇ ಗಾಡಿಗೆ ಹೇಳಿದ ಬೆಲೆಯೂ ಸಾಮಾನ್ಯವಾಗಿ ಕೆಲವೇ ದಿನ ನಿಲ್ಲುತ್ತದೆ. ಆದರೆ ಹೊಸ ಗಾಡಿ ಸಿಗದೆ ಜನ ಹಳೇದರ ಕಡೆ ತಿರುಗಿದಾಗ ನಿಮ್ಮ ಹಳೇದಕ್ಕೂ ಬೆಲೆ ಬರಬಹುದು. ದುಡ್ಡಿನ ಲೆಕ್ಕದಲ್ಲಿ ಇದೊಂದು ಮಾತ್ರ ಕಾಯುವವರ ಪರ.

ಲಾಟ್‌ನಲ್ಲಿ ನಿಂತಿರುವುದು

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಯಾಕೆ ಅನ್ನುವವರ ದಾರಿ ಇದು. ಹಳೇ ಗಾಡಿ ಏದುಸಿರು ಬಿಡುತ್ತಿದ್ದರೆ ನಾನೂ ಇದನ್ನೇ ಹೇಳುತ್ತೇನೆ. ಮುಷ್ಕರ ಶುರುವಾಗುವುದಕ್ಕೆ ಮುಂಚಿನ ವಾರಗಳು ಇದಕ್ಕೆ ಒಳ್ಳೆಯ ಸಮಯ. ಮುಷ್ಕರ ಶುರುವಾಗಿ ಮೂರ್ನಾಲ್ಕು ವಾರವಾದರೆ ಜನ ಹೆಚ್ಚು ಕೇಳುವ ಮಾಡೆಲ್‌ಗಳಲ್ಲಿ ಉಳಿಯುವುದು ಯಾರಿಗೂ ಬೇಡದ ಬಣ್ಣ-ಪ್ಯಾಕೇಜಿನ ಗಾಡಿಗಳು, ರಿಯಾಯಿತಿಯೂ ಮಾಯ.

ಆದರೆ ಎಲ್ಲ ಕಂಪನಿಗೂ ಒಂದೇ ಲೆಕ್ಕವಲ್ಲ. 2023ರಲ್ಲಿ ಸ್ಟೆಲ್ಲಾಂಟಿಸ್‌ನ ಜೀಪ್, ರ‍್ಯಾಮ್ ಡೀಲರುಗಳ ಹತ್ತಿರ ಗಾಡಿ ತುಂಬಿ ತುಳುಕುತ್ತಿತ್ತು, ಜಿಎಂ ಕಡೆ ದಾಸ್ತಾನು ಅದಕ್ಕಿಂತ ತೆಳ್ಳಗಿತ್ತು. ದಾಸ್ತಾನು ತುಂಬಿರುವ ಬ್ರ್ಯಾಂಡಿನಲ್ಲಿ "ಸ್ಟ್ರೈಕ್ ಬರ್ತಿದೆ, ಇವತ್ತೇ ಸೈನ್ ಮಾಡಿ" ಅಂತ ಸೇಲ್ಸ್‌ನವನು ಅವಸರ ಮಾಡಿದರೆ ಎದ್ದು ಬನ್ನಿ. ಸುತ್ತ ನೂರು ಮೈಲಿಯೊಳಗಿನ ಡೀಲರುಗಳ ವೆಬ್‌ಸೈಟಿನಲ್ಲಿ ಅದೇ ಮಾಡೆಲ್ ಎಷ್ಟಿದೆ ಅಂತ ಎಣಿಸಿ. ಹತ್ತಾರು ಇದ್ದರೆ ಅವಸರ ಅವನದು. ಎರಡೋ ಮೂರೋ ಇದ್ದರೆ ನಿಮ್ಮದು.

ಬಹಳ ದಿನ ನಿಂತ ಗಾಡಿಯಾದರೆ ಚಾಲಕನ ಕಡೆಯ ಬಾಗಿಲು ತೆರೆದು ಚೌಕಟ್ಟಿಗೆ ಅಂಟಿಸಿದ ಚೀಟಿ ಓದಿ, ತಯಾರಾದ ತಿಂಗಳು-ವರ್ಷ ಇರುತ್ತದೆ. ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ. ಆರೇಳು ತಿಂಗಳು ಬಿಸಿಲು-ಹಿಮದಲ್ಲಿ ನಿಂತದ್ದು ಅಂತ ಗೊತ್ತಾದರೆ ಬ್ಯಾಟರಿ ಪರೀಕ್ಷೆ ಮಾಡಿಸಿಕೊಡಿ ಅನ್ನಿ, ಬೆಲೆ ಇಳಿಸುವ ಮಾತಿಗೂ ಒಂದು ಎಳೆ ಸಿಕ್ಕಂತಾಯಿತು. ಮೇಲ್ಬೆಲೆ ಹಾಕಿ ಮಾರುವವರಿಗೆ ನನ್ನ ಉತ್ತರ ಸರಳ ಲೆಕ್ಕ. ಅವರು ಕೇಳುವುದು 3,000 ಡಾಲರ್ ಹೆಚ್ಚು. ದಿನಕ್ಕೆ 45 ಡಾಲರ್ ಬಾಡಿಗೆಯ ಕಾರು ಹಿಡಿದರೆ 45 ದಿನಕ್ಕೆ 2,025. ನೀವು ಕಾಯಬೇಕಾದದ್ದು ಒಂದೂವರೆ ತಿಂಗಳಾದರೆ ಬಾಡಿಗೆಯೇ ಅಗ್ಗ, ಅದೂ ಹಳೇ ಗಾಡಿ ಪೂರ್ತಿ ಕೈಕೊಟ್ಟಾಗ ಮಾತ್ರ. ಮೂರು ತಿಂಗಳಾದರೆ ಲೆಕ್ಕ ತಿರುಗುತ್ತದೆ.

ಬೇರೆ ಕಂಪನಿಯ ಕಡೆ ಹೋಗುವುದು

ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ಟೊಯೊಟಾ, ಒಹಾಯೋದ ಮೇರಿಸ್‌ವಿಲ್‌ನಲ್ಲಿ ಹೋಂಡಾ, ಅಲಬಾಮಾದ ಮಾಂಟ್‌ಗಮರಿಯಲ್ಲಿ ಹ್ಯುಂಡೈ, ಇಂಡಿಯಾನಾದ ಲಫಯೆಟ್‌ನಲ್ಲಿ ಸುಬಾರು ಗಾಡಿ ತಯಾರಿಸುತ್ತವೆ. ಈ ಕಾರ್ಖಾನೆಗಳು ಮೂರು ದೊಡ್ಡವರ ಒಪ್ಪಂದದ ಹೊರಗಿನವು, ಗಡುವಿನ ದಿನ ಅಲ್ಲಿ ಲೈನ್ ನಿಲ್ಲುವುದಿಲ್ಲ. ಕುಟುಂಬಕ್ಕೊಂದು ಮಾಮೂಲಿ ಕಾರು ಸಾಕು ಅನ್ನುವವರಿಗೆ ಇದು ಸುಲಭದ ದಾರಿ. ದೊಡ್ಡ ಟ್ರೇಲರ್ ಎಳೆಯುವ ಪಿಕಪ್ ಬೇಕಾದವರಿಗೆ ಇಲ್ಲಿ ಆಯ್ಕೆ ಕಡಿಮೆ. ಎಲ್ಲರೂ ಹೀಗೇ ಯೋಚಿಸುವುದರಿಂದ ಆ ಡೀಲರುಗಳ ಮುಂದೆ ಸಾಲು ಬೆಳೆಯುತ್ತದೆ ಅನ್ನುವುದನ್ನೂ ಮರೆಯಬೇಡಿ. ಇನ್ನೊಂದು: ಟೆನ್ನೆಸ್ಸಿಯ ಚಾಟನೂಗದ ಫೋಕ್ಸ್‌ವ್ಯಾಗನ್ ಕೆಲಸಗಾರರು 2024ರ ಏಪ್ರಿಲ್‌ನಲ್ಲಿ ಮತ ಹಾಕಿ ಯುಎಡಬ್ಲ್ಯು ಸೇರಿದರು. "ವಿದೇಶಿ ಬ್ರ್ಯಾಂಡ್ ಅಂದರೆ ಸಂಘ ಇಲ್ಲ" ಅನ್ನುವ ಹಳೇ ಸೂತ್ರ ಈಗ ಪೂರ್ತಿ ನಿಜವಲ್ಲ.

ಮುಂಗಡದ ಬಗ್ಗೆ ಇಲ್ಲಿ ಎಚ್ಚರ. ಆರ್ಡರ್ ಬಿಟ್ಟು ಹೋಗುವ ಮುಂಚೆ ಸಹಿ ಹಾಕಿದ ಕಾಗದ ಓದಿ. ವಾಪಸ್ ಕೊಡುತ್ತೇವೆ ಅಂತ ಇದ್ದರೆ ಹೊಸ ಗಾಡಿಯ ಬೀಗದ ಕೈ ಕೈಗೆ ಬರುವವರೆಗೆ ಹಳೇ ಆರ್ಡರ್ ರದ್ದು ಮಾಡಬೇಡಿ.

ಬಳಸಿದ ಗಾಡಿ, ಲೀಸ್ ಮುಂದೂಡಿಕೆ, ರಿಪೇರಿ

ಬಳಸಿದ್ದನ್ನು ಈ ಹೊತ್ತಿಗೆ ಕೊಳ್ಳುವುದು ನನಗೆ ಅಷ್ಟು ಇಷ್ಟವಿಲ್ಲ. ಎಲ್ಲರೂ ಅತ್ತ ನುಗ್ಗಿದಾಗ ಒಂದೆರಡು ವರ್ಷದ ಗಾಡಿಯ ಬೆಲೆ ಹೊಸದರ ಹತ್ತಿರಕ್ಕೆ ಬರುತ್ತದೆ, ಬಳಸಿದ್ದಕ್ಕೆ ಬಡ್ಡಿಯೂ ಸಾಮಾನ್ಯವಾಗಿ ಹೆಚ್ಚು. ಬಜೆಟ್ ನಿಜಕ್ಕೂ ಬಿಗಿಯಿದ್ದು, ಐದಾರು ವರ್ಷ ಹಳೆಯದ್ದಾದರೂ ಪರವಾಗಿಲ್ಲ ಅನ್ನುವವರಿಗೆ ಸರಿ.

ಲೀಸ್ ಮುಗಿಯುತ್ತಿರುವವರ ಸ್ಥಿತಿ ಎಲ್ಲರಿಗಿಂತ ವಾಸಿ, ಆದರೆ ಅದು ಅವರಿಗೇ ಗೊತ್ತಿರುವುದಿಲ್ಲ. ಲೀಸ್ ಕೊಟ್ಟ ಕಂಪನಿಗಳು ತಿಂಗಳ ಲೆಕ್ಕದಲ್ಲಿ ಅವಧಿ ಮುಂದೂಡುವುದುಂಟು, ಹೊಸ ಗಾಡಿಗೆ ಅವರ ಬ್ರ್ಯಾಂಡಿನಲ್ಲೇ ಆರ್ಡರ್ ಇದ್ದರೆ ಇನ್ನೂ ಸುಲಭ. ಕೊನೇ ವಾರದವರೆಗೆ ಕಾಯದೆ ಎರಡು ತಿಂಗಳು ಮುಂಚೆಯೇ ಫೋನ್ ಮಾಡಿ. ಮೈಲಿ ಮಿತಿ ಹೇಗೆ ಲೆಕ್ಕ ಹಾಕುತ್ತೀರಿ ಅಂತ ಕೇಳಿ, ಇನ್ಶೂರೆನ್ಸ್ ಮುಂದುವರಿದಿದೆಯೋ ನೋಡಿ.

ಹಳೇ ಗಾಡಿಗೆ 800, 1,000 ಡಾಲರ್ ರಿಪೇರಿ ಹೇಳಿದರೆ ಜನ ಬೆಚ್ಚಿ "ಹೊಸದು ಬರ್ತಿದೆಯಲ್ಲ, ಇದಕ್ಕ್ಯಾಕೆ ಸುರೀಲಿ" ಅನ್ನುತ್ತಾರೆ. ಬ್ರೇಕು, ಟೈರು, ಬ್ಯಾಟರಿ ಇಂಥವಕ್ಕಾದರೆ ಸುರಿಯಿರಿ. ಲಾಟ್‌ನಲ್ಲಿ ಬೇಡದ ಗಾಡಿಗೆ ಮೂರು ಸಾವಿರ ಹೆಚ್ಚು ಕೊಡುವುದಕ್ಕಿಂತ ಇದು ಅಗ್ಗ. ಗೇರ್‌ಬಾಕ್ಸೇ ಹೋಗಿದ್ದರೆ ಮಾತು ಬೇರೆ.

ಬಿಡಿಭಾಗ

2023ರ ಸೆಪ್ಟೆಂಬರ್ 22ರಂದು ಯುಎಡಬ್ಲ್ಯು ಗುರಿ ಬದಲಿಸಿತು. ಜಿಎಂ ಮತ್ತು ಸ್ಟೆಲ್ಲಾಂಟಿಸ್‌ನ 38 ಬಿಡಿಭಾಗ ವಿತರಣಾ ಕೇಂದ್ರಗಳು ಒಂದೇ ದಿನ ನಿಂತವು. ಅಂದರೆ ಹೊಸ ಗಾಡಿ ಕಾಯುತ್ತಿದ್ದವರಷ್ಟೇ ಅಲ್ಲ, ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡವರೂ ಸಿಕ್ಕಿಕೊಂಡರು. ನನ್ನ ಮಟ್ಟಿಗೆ ಇದೇ ದೊಡ್ಡ ಪೆಟ್ಟು. ಆರ್ಡರ್ ತಡವಾದರೆ ಹಳೇ ಗಾಡಿಯಲ್ಲಿ ಓಡಾಡಬಹುದು, ಇರುವ ಒಂದೇ ಗಾಡಿ ಬಂಪರು-ದೀಪ ಒಡೆದುಕೊಂಡು ಬಾಡಿಶಾಪ್‌ನಲ್ಲಿ ಕೂತರೆ? ಇನ್ಶೂರೆನ್ಸ್‌ನವರು ಕೊಡುವ ಬಾಡಿಗೆ ಕಾರಿಗೂ ದಿನದ ಮಿತಿ ಇರುತ್ತದೆ.

ಹಾಗಾಗಿ ಲಾಟ್‌ನಿಂದ ಕೊಂಡು ಗೆದ್ದೆ ಅಂದುಕೊಂಡವರೂ ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಹೊಚ್ಚ ಹೊಸ ವಿನ್ಯಾಸದ ಮೊದಲ ವರ್ಷದ ಮಾಡೆಲ್ ಆದರೆ ಹೊರಗಿನ ಕಂಪನಿಗಳ ಬಿಡಿಭಾಗ ಇನ್ನೂ ಮಾರುಕಟ್ಟೆಗೆ ಬಂದಿರುವುದಿಲ್ಲ, ಕಂಪನಿಯದ್ದೇ ಬೇಕು. ನಾಲ್ಕೈದು ವರ್ಷದಿಂದ ಬದಲಾಗದ ಮಾಡೆಲ್‌ಗೆ ಆ ತಾಪತ್ರಯ ಕಡಿಮೆ. ಇನ್ಶೂರೆನ್ಸ್‌ನಲ್ಲಿ ಬಾಡಿಗೆ ಕಾರಿನ ಸೌಲಭ್ಯ ಎಷ್ಟು ದಿನಕ್ಕಿದೆ ಅಂತ ಗಡುವಿಗೆ ಮೊದಲೇ ನೋಡಿ, ತಿಂಗಳಿಗೆ ಕೆಲವು ಡಾಲರ್ ಹೆಚ್ಚು ಕೊಟ್ಟರೆ ಮಿತಿ ಏರಿಸಬಹುದು.

ಯಾರಿಗೆ ಯಾವುದು

ಒಂದೇ ಗಾಡಿಯ ಮನೆ, ಅದೂ ಸಾಯುತ್ತಿದೆ, ಕೆಲಸಕ್ಕೆ ಹೋಗಲೇಬೇಕು: ಕಾಯಬೇಡಿ. ಗಡುವಿಗೆ ಮೊದಲು ಲಾಟ್‌ನಿಂದ, ಇಲ್ಲವೇ ಒಪ್ಪಂದದ ಹೊರಗಿನ ಕಾರ್ಖಾನೆಯದ್ದು ಕೊಳ್ಳಿ. ಎರಡು ಗಾಡಿಯ ಮನೆ, ಆರ್ಡರ್ ಮನಸ್ಸಿಗೊಪ್ಪಿದ್ದು: ಬೆಲೆಯ ಖಾತ್ರಿ ಬರೆಸಿಕೊಂಡು ಕಾಯಿರಿ. ಇಂಥ ತಾರೀಖಿಗೆ ಗಾಡಿ ಬೇಕೇ ಬೇಕು ಅನ್ನುವವರು, ಅಂದರೆ ಹೆರಿಗೆ, ಊರು ಬದಲಾವಣೆ, ಊರಿಂದ ಹಿರಿಯರು ಬರುವುದು, ಇಂಥವು ಇದ್ದರೆ ಆ ತಾರೀಖಿಗೆ ಆರು ವಾರ ಮುಂಚೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಆ ದಿನಕ್ಕೆ ಗಾಡಿ ಲೈನಿನಿಂದ ಇಳಿದಿಲ್ಲ ಅಂದರೆ ಬೇರೆ ಏರ್ಪಾಡು ಮಾಡಿ. ಬಾಡಿಗೆಯೂ ಏರ್ಪಾಡೇ. ಬೇಕಾದ ಎರಡು ವಾರಕ್ಕೆ ಏಳು ಸೀಟಿನದ್ದು ಬಾಡಿಗೆಗೆ ಹಿಡಿದರೆ ಅವಮಾನವೇನಿಲ್ಲ.

ನಾನು ಅದನ್ನೂ ಮಾಡಿರಲಿಲ್ಲ. ಅಕ್ಟೋಬರ್ ಕೊನೆಯ ಒಂದು ಸಂಜೆ ಏರ್‌ಪೋರ್ಟಿಗೆ ನಾನೊಂದು ಕಾರು, ಹೆಂಡತಿ ಒಂದು ಕಾರು. ನನ್ನದರಲ್ಲಿ ಅಪ್ಪ, ಅಮ್ಮ, ಮಗಳು. ಹಿಂದಿನದರಲ್ಲಿ ಮಗ ಮತ್ತು ಹಗ್ಗ ಸುತ್ತಿದ ನಾಲ್ಕು ಸೂಟ್‌ಕೇಸು. "ಮನೆಗೆ ಎರಡು ಕಾರಾ, ಪರವಾಗಿಲ್ವೇ" ಅಂದರು ಅಪ್ಪ. ಹೊಸದು ಬಂದದ್ದು ಜನವರಿ ಕೊನೆಗೆ. ಏಪ್ರಿಲ್‌ನಲ್ಲಿ ಅವರು ವಾಪಸ್ ಹೊರಟಾಗ ಎಲ್ಲರೂ ಒಂದೇ ಗಾಡಿಯಲ್ಲಿ ಕೂತೆವು. ಮೂರನೇ ಸಾಲಿನ ಸೀಟು ಎತ್ತಿ ನಿಲ್ಲಿಸಿದ್ದರಿಂದ ಹಿಂದೆ ಜಾಗ ಸಾಲಲಿಲ್ಲ, ಒಂದು ಸೂಟ್‌ಕೇಸು ಅಮ್ಮನ ಕಾಲ ಹತ್ತಿರ ಇತ್ತು.